ಲೇಡಿ ಆನ್ ಲಿಂಡ್ಸೆಯೂ ಆಕೆಯ ಮನೆತನವೂ

ಇಂಗ್ಲೆಂಡಿನಲ್ಲಿ 1714ರಿಂದ 1830ರವರೆಗೆ ಜಾರ್ಜ್ ಎಂಬ ಒಂದೇ ಹೆಸರಿನ ನಾಲ್ವರು ಅರಸರು ಒಬ್ಬರಾದ ಮೇಲೊಬ್ಬರು ಆಳಿದುದರಿಂದ ಆ ಕಾಲಕ್ಕೆ ಜಾರ್ಜರ ಕಾಲವೆಂದು ಹೆಸರಾಯಿತು. ಆ ಕಾಲದ ಉತ್ತರಾರ್ಧದಲ್ಲಿ ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿಯೂ, ಎಡಿನ್‌ಬರೋ ಲಂಡನ್ ಪಟ್ಟಣಗಳ ದೊಡ್ಡ ಮನೆಗಳಲ್ಲಿಯೂ ಜನರು ಹಾಡುತ್ತಿದ್ದ ಗೀತವೊಂದುಂಟು. ‘ಮುದುಕ ರಾಬಿನ್ ಗ್ರೇ’ ಎಂದು ಅದರ ಹೆಸರು. ಹಾಡು ಎಲ್ಲರಿಗೂ ಗೊತ್ತಿದ್ದಿತು. ಅದನ್ನು ಕಟ್ಟಿದವರಾರೆಂಬುದು ಮಾತ್ರ ಗೊತ್ತಿರಲಿಲ್ಲ. ಇದು ಹದಿನಾರನೆಯ ಶತಮಾನದ್ದೆಂದೂ, ಸ್ಕಾಟ್ಲೆಂಡಿನ ಮೇರಿ ರಾಣಿಯ ಆಸ್ಥಾನದಲ್ಲಿದ್ದ ರಿಜ್ಜಿಯೋ ಎಂಬ ಇಟಲಿಯ ಗಾಯಕನ ಕೃತಿಯೆಂದೂ ಕೆಲವರು ವಾದಿಸಿದರು. ಇನ್ನು ಕೆಲವರು ಇದು ತೀರ ಈಚಿನದೆಂದರು. ಕರ್ತೃವನ್ನು ಗೊತ್ತುಮಾಡಿ ತಿಳಿಸಿದವರಿಗೆ ಇಪ್ಪತ್ತು ಗಿನಿಗಳ ಬಹುಮಾನವನ್ನು ಕೊಡುವುದಾಗಿ ವೃತ್ತಪತ್ರಿಕೆಯಲ್ಲಿ ಪ್ರಕಟಣೆಯೂ ಬಂದಿತು. ಬಹುಮಾನವನ್ನು ಕೇಳಿ ಯಾರೂ ಮುಂದೆ ಬರಲಿಲ್ಲ. ಪುರಾತತ್ತ್ವ ಸಂಘದ ಕಾರ್ಯದರ್ಶಿಯು ಒಬ್ಬ ಕುಲೀನ ಸ್ತ್ರೀಯ ಮನೆಗೆ ಹೋಗಿ ಬಹಳ ಕೆದಕಿ ಕೇಳಿದನು; ಆಕೆಯು ಅವನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದಳು. ಹಾಡನ್ನು ಬರೆದವಳು ಆಕೆಯೇ. ಬಾಲ್ಕಾರಸ್ಸಿನ ಅರ್ಲನ ಹಿರಿಯ ಮಗಳಾದ ಲೇಡಿ ಆನ್ ಲಿಂಡ್ಸೆಯು ಈ ಗುಟ್ಟನ್ನು ಐವತ್ತು ವರ್ಷಕಾಲ ಕಾಪಾಡಿಕೊಂಡು ಬಂದಳು.

ಹಾಡಿನ ಕಥೆ ಸಣ್ಣದು. ಜೆನ್ನಿ ಎಂಬ ಬಡ ಹುಡುಗಿಯನ್ನು ಜೇಮಿಯೆಂಬ ಯುವಕನು ಪ್ರೀತಿಸುತ್ತಾನೆ. ಕೈಯಲ್ಲಿ ಹಣವಿಲ್ಲದೆ ಮದುವೆಯಾಗುವಂತಿಲ್ಲ. ಆದುದರಿಂದ ಸಂಪಾದನೆಗೆಂದು ಹಡಗನ್ನು ಹತ್ತಿ ಹೋಗುತ್ತಾನೆ. ಇತ್ತ ಹುಡುಗಿಯ ತಂದೆ ಕೈ ಮುರಿದುಕೊಳ್ಳುತ್ತಾನೆ, ತಾಯಿ ಹಾಸಿಗೆ ಹಿಡಿಯುತ್ತಾಳೆ, ಮನೆಯ ಹಸು ಕಳುವಾಗುತ್ತದೆ. ಮುದುಕನಾದ ರಾಬಿನ್ ಗ್ರೇ ಅನ್ನವಿಕ್ಕಿ ಅವರನ್ನು ಸಾಕುತ್ತಾನೆ. ತನ್ನನ್ನು ಮದುವೆಯಾಗೆಂದು ಹುಡುಗಿಯನ್ನು ಕೇಳುತ್ತಾನೆ. ತಂದೆ ಬಲವಂತಮಾಡುತ್ತಾನೆ, ತಾಯಿ ಏನೂ ಹೇಳದೆ ಮಗಳ ಮುಖವನ್ನು ನೋಡುತ್ತಾಳೆ. ಜೇಮಿಯ ಹಡಗು ಒಡೆಯಿತೆಂದು ಸುದ್ದಿ ಬರುತ್ತದೆ. ಮದುವೆಯಾಗಿ ನಾಲ್ಕು ವಾರ ಕಳೆಯುವಷ್ಟರಲ್ಲಿ ಜೇಮಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅವನನ್ನು ಕಳುಹಿಸಿಕೊಟ್ಟು ಜೆನ್ನಿಯು, ಗಂಡನು ತನ್ನಲ್ಲಿ ದಯೆಯುಳ್ಳವನಾದುದರಿಂದ ಒಳ್ಳೆಯ ಹೆಂಡತಿಯಾಗಿರಲು ಯತ್ನಿಸುವೆನೆನ್ನುತ್ತಾಳೆ. ಇದರಲ್ಲಿ ದುಷ್ಟರಾರೂ ಇಲ್ಲ. ಮುದುಕನೂ ಒಳ್ಳೆಯವನೇ. ಹಾಡಿನ ಕರುಣರಸಕ್ಕೆ ಕಾರಣವೇ ಇದು.

ಇಂತಹ ಕಥೆ ಅರ್ಲನ ಮಗಳಿಗೆ ಎಲ್ಲಿ ದೊರೆಯಿತು? ಇದಕ್ಕೆ ಉತ್ತರವನ್ನು ಆಕೆಯ ಮನೆಯಲ್ಲಿಯೇ ಹುಡುಕಬೇಕು.

ಲಿಂಡ್ಸೆಗಳು ಸ್ಕಾಟ್ಲೆಂಡಿನ ಹಳೆಯ ಮನೆತನದವರು. ಫೈಫ್ ಪ್ರಾಂತದ ಬಾಲ್ಕಾರಸ್ ಅವರ ನೆಲೆ. ಆನಳ ತಂದೆ ಜೇಮ್ಸ್, ಐದನೆಯ ಅರ್ಲ್, ತನ್ನ ಯೌವನದಲ್ಲಿ, ಎಂದರೆ 1715ರಲ್ಲಿ, ಪದಚ್ಯುತರಾದ ಸ್ಟುಅರ್ಟ್ ರಾಜವಂಶದ ಪಕ್ಷವನ್ನು ಹಿಡಿದು ಕಾದಿದನು. ಆಮೇಲೆ ಜಾರ್ಜ್ ದೊರೆಯ ಸೈನ್ಯದಲ್ಲಿಯೇ ಸೇವೆಗೆ ನಿಂತು, 1743ರ ಡೆಟ್ಟಿಂಗನ್ ಯುದ್ಧದಲ್ಲಿ ಹೋರಾಡಿದನು. ಆದರೆ ಹಳೆಯ ಕಳಂಕವು ಅಳಿಯಲಿಲ್ಲ. ಮೇಲಿನ ಪದವಿ ದೊರೆಯಲಿಲ್ಲ. ಊರಿಗೆ ಹಿಂದಿರುಗಿ ಪುಸ್ತಕಗಳಲ್ಲಿಯೂ ಬೇಸಾಯದಲ್ಲಿಯೂ ಕಾಲ ಕಳೆಯುತ್ತಿದ್ದಾಗ ಆನ್ ಡಾಲ್‌ರಿಂಪಲ್ ಎಂಬ ತರುಣಿಯನ್ನು ಕಂಡು ಮೋಹಿಸಿದನು. ಅವನಿಗೆ ಆಗ ಐವತ್ತೆಂಟು ವರ್ಷ. ಆಕೆಗೆ ಇಪ್ಪತ್ತೆರಡರ ಆಸುಪಾಸು. ಆಕೆ ಒಲ್ಲೆನೆಂದಳು. ಅರ್ಲನು ವ್ಯಥೆಯಿಂದ ಕಾಯಿಲೆ ಬಿದ್ದು, ಸಾವು ಸಮೀಪಿಸಿತೆಂದು ತಿಳಿದು, ತನ್ನ ಆಸ್ತಿಯಲ್ಲಿ ಅರ್ಧವನ್ನು ಆಕೆಯ ಹೆಸರಿಗೆ ಬರೆದಿಟ್ಟನು. ಇದು ಆಕೆಯ ಕಿವಿಗೆ ಬಿದ್ದಿತು, ಅರ್ಲನೂ ಗುಣಮುಖನಾದನು, 1749ರಲ್ಲಿ ವಿವಾಹವಾಯಿತು. ಕೃತಜ್ಞತೆಯಿಂದ ಕೈಹಿಡಿದ ಹೆಂಡತಿ, ದಯಾಳುವಾದ ಮುದುಕ ಗಂಡ — ವಾಚಕರು ಹಾಡನ್ನು ನೆನೆಯಬೇಕು.

ಸ್ಟುಅರ್ಟ್ ವಂಶದ ಕಡೆಗೆ ಒಲವುಳ್ಳವರಲ್ಲಿ, ಈ ದಂಪತಿಗಳ ಮೊದಲ ಶಿಶುವು ಆ ವಂಶವನ್ನು ಮರಳಿ ಸಿಂಹಾಸನದ ಮೇಲೆ ಕೂರಿಸುವುದೆಂಬ ಭವಿಷ್ಯವಾಣಿ ಹಬ್ಬಿತ್ತಂತೆ. 1750ರ ಡಿಸೆಂಬರಿನಲ್ಲಿ ಹುಟ್ಟಿದುದು ಹೆಣ್ಣು. ಆಕೆಯೇ ಆನ್. ಅಲ್ಲಿಗೆ ಭವಿಷ್ಯವಾಣಿ ಮುಗಿಯಿತು. ಅವಳ ಹಿಂದೆ ಎಂಟು ಮಂದಿ ತಮ್ಮಂದಿರೂ ಇಬ್ಬರು ತಂಗಿಯರೂ ಹುಟ್ಟಿದರು. ತಾಯಿಯ ಶಿಕ್ಷೆ ಬಲು ಕಠಿನವಾದುದು. ಒಮ್ಮೆ ಮಕ್ಕಳೆಲ್ಲರೂ ಒಟ್ಟಾಗಿ ಮನೆಬಿಟ್ಟು ನೆರೆಯ ಶ್ರೀಮಂತನೊಬ್ಬನಲ್ಲಿಗೆ ಓಡಿಹೋಗಲು ಹೊರಟರು. ಮಂದೆ ಕಾಯುತ್ತಿದ್ದ ಮುದುಕನೊಬ್ಬನು ಇದನ್ನು ಕಂಡು, ಸಣ್ಣ ದೊರೆಗಳೂ ಸಣ್ಣ ಅಮ್ಮಂದಿರೂ ನಾಯಿಗಳ ಸಮೇತ ಓಡಿಹೋಗುತ್ತಿರುವರೆಂದು ಒಡತಿಗೆ ಸುದ್ದಿಮುಟ್ಟಿಸಿದನು. ಆ ಮುದುಕನ ಹೆಸರು ರಾಬಿನ್ ಗ್ರೇ. ಓಟವನ್ನು ಕೆಡಿಸಿದ ಈತನ ಹೆಸರನ್ನು ಆನ್ ಮರೆಯಲಿಲ್ಲ.

ಹಾಡಿನ ಮಟ್ಟು ಇನ್ನೊಬ್ಬರಿಂದ ಬಂದಿತು. ಸೋಫಿ ಜಾನ್‌ಸ್ಟನ್ ಎಂಬ ವಿಚಿತ್ರ ಸ್ವಭಾವದ ಹೆಂಗಸು ಆ ಮನೆಯಲ್ಲಿ ಬಹುಕಾಲ ತಂಗಿದ್ದಳು. ಗಂಡಸರಂತೆ ಉಡುಪು ತೊಡುವುದು, ಕಮ್ಮಾರನ ಕುಲುಮೆಯಲ್ಲಿ ಕುದುರೆಗೆ ಲಾಳ ಬಡಿಯುವುದು ಮೊದಲಾದುವು ಅವಳ ವಿದ್ಯೆಗಳು. ಅವಳು ಹಳೆಯದೊಂದು ಧಾಟಿಯಲ್ಲಿ ಅಶ್ಲೀಲವಾದ ಹಾಡನ್ನು ಹಾಡುತ್ತಿದ್ದಳು. ಧಾಟಿ ಚೆಲುವಾದುದು, ಮಾತು ಹೇಸಿಗೆಯದು; ಆನಳಿಗೆ ಆ ಧಾಟಿಯ ಮೇಲೆ ಮನಸ್ಸಾಯಿತು.

1768ರಲ್ಲಿ ತಂದೆ ತೀರಿಕೊಂಡನು. ಬಿರುದು ದೊಡ್ಡದು, ಉತ್ಪನ್ನ ಸಣ್ಣದು, ಮಕ್ಕಳು ಹನ್ನೊಂದು ಮಂದಿ. ಇಂತಹ ಮನೆಗಳ ಹೆಣ್ಣುಮಕ್ಕಳಿಗೆ ರೂಪವೂ ಕುಲವೂ ಮಾತ್ರವೇ ಬಂಡವಾಳ. 1770ರಲ್ಲಿ ಆನಳ ಪ್ರಾಣಪ್ರಿಯಳಾದ ತಂಗಿ ಮಾರ್ಗರೆಟ್, ಲಂಡನ್ನಿನಲ್ಲಿ ಬ್ಯಾಂಕು ನಡೆಸುತ್ತಿದ್ದ ಅಲೆಗ್ಸಾಂಡರ್ ಫೋರ್ಡೈಸ್ ಎಂಬ ಧನಿಕನನ್ನು ಮದುವೆಯಾಗಿ ಮನೆಬಿಟ್ಟು ಹೋದಳು. ಒಂಟಿಯಾದ ಆನ್ ಬೇಸರವನ್ನು ಕಳೆಯಲು ಪದ್ಯ ಬರೆಯತೊಡಗಿದಳು. ಸೋಫಿಯ ಧಾಟಿಗೆ ಹೊಸ ಮಾತುಗಳನ್ನು ಕೂಡಿಸಲು ಕುಳಿತುದು ಆಗಲೇ. ನಾಯಿಕೆಯ ಪ್ರಿಯನನ್ನು ಸಮುದ್ರಕ್ಕಟ್ಟಿಯಾಗಿತ್ತು. ತಂದೆಯ ಕೈ ಮುರಿದಾಗಿತ್ತು. ತಾಯಿಗೆ ರೋಗ ಬಂದಾಗಿತ್ತು. ಮುದುಕನನ್ನು ವರನನ್ನಾಗಿ ತಂದು ನಿಲ್ಲಿಸಿಯೂ ಆಗಿತ್ತು. ಇನ್ನೊಂದು ಕಷ್ಟ ಬೇಕು, ಏನು ಮಾಡಲೆಂದು ಬಳಿಯಲ್ಲಿ ಆಡುತ್ತಿದ್ದ ಪುಟ್ಟ ತಂಗಿ ಎಲಿಜಬೆತ್ತಳನ್ನು ಕೇಳಿದಳು. ಹಸುವನ್ನು ಕಳುವುಮಾಡಿಸು ಎಂದಿತು ಮಗು. ಒಡನೆಯೇ ಹಸು ಕಳುವಾಯಿತು. ಬಡವರ ಮನೆಯಲ್ಲಿ ಹಸು ಹೋಯಿತೆಂದರೆ ಏನೆಂಬುದನ್ನು ಹಳ್ಳಿಯ ನಡುವೆ ಬೆಳೆದ ಆ ಕೂಸು ಅರಿತಿದ್ದಿತು.

ಜೆನ್ನಿಯೇ ಮಾರ್ಗರೆಟ್ ಎಂದು ಸಾಧಿಸುವುದು ಅತಿಸಾಹಸವಾದೀತು. ಫೋರ್ಡೈಸನು ಮುದುಕನೂ ಅಲ್ಲ, ರಾಬಿನ್ ಗ್ರೇಯಷ್ಟು ನಂಬತಕ್ಕವನೂ ಅಲ್ಲ. 1772ರ ಜೂನಿನಲ್ಲಿ ಅವನ ಜೂಜುವ್ಯಾಪಾರವು ಮುರಿದುಬಿದ್ದು, ಅವನು ಫ್ರಾನ್ಸಿಗೆ ಪಲಾಯನಮಾಡಿದನು. ಅವನ ಬ್ಯಾಂಕಿನೊಡನೆ ಲಂಡನ್ ಎಡಿನ್‌ಬರೋಗಳ ಎಷ್ಟೋ ಸಾಹುಕಾರರು ದಿವಾಳಿಯೆದ್ದರು. ಹಣವುಳ್ಳ ಮನೆಯೆಂದು ಸೇರಿದ ತಂಗಿಗೆ ಹಣವೂ ಉಳಿಯಲಿಲ್ಲ. ಅಂತೂ ಮನೆಯ ಕೊರತೆಗೆ ಮಗಳ ಬಾಳು ತುಂಬುಕಾಳಾಗುವುದೆಂಬುದು ಬಾಲ್ಕಾರಸ್ಸಿನಲ್ಲಿ ಯಾರಿಗೂ ಅಪರಿಚಿತವಾದ ಸಂಗತಿಯಾಗಿರಲಿಲ್ಲ.

ಗಂಡುಮಕ್ಕಳಿಗೆ ಬೇರೆ ದಾರಿಯಿದ್ದಿತು. ಅದು ಜೇಮಿಯ ದಾರಿ, ಸಮುದ್ರದ ದಾರಿ. ಹಿರಿಯವನಾದ ಅಲೆಗ್ಸಾಂಡರನು 1777ರಲ್ಲಿ ಅಮೆರಿಕದ ಸಾರಟೋಗದಲ್ಲಿ ಸೆರೆಸಿಕ್ಕಿದನು. ತರುವಾಯ ಜಮೈಕಾ ದ್ವೀಪದ ಗವರ್ನರನಾಗಿ, 1795ರ ಯುದ್ಧದಲ್ಲಿ ಅಲ್ಲಿನ ಮರೂನರೆಂಬ ಸ್ವತಂತ್ರ ಕಪ್ಪುಜನರನ್ನಡಗಿಸಲು ಕ್ಯೂಬಾದಿಂದ ಬೇಟೆನಾಯಿಗಳನ್ನು ತರಿಸಿದನು. ಮನೆತನಕ್ಕೆ ಕೀರ್ತಿ ತರುವ ಕಥೆ ಅದಲ್ಲ. ರಾಬರ್ಟನು ಕಂಪನಿಯ ಅಧಿಕಾರಿಯಾಗಿ ಈಗ ಬಾಂಗ್ಲಾದೇಶಕ್ಕೆ ಸೇರಿರುವ ಸಿಲ್ಹೆಟ್ಟಿಗೆ ಹೋಗಿ, ಸುಣ್ಣಕಲ್ಲು ಆನೆಗಳ ವ್ಯಾಪಾರದಿಂದ ಐಶ್ವರ್ಯವಂತನಾಗಿ ಮರಳಿದನು. ಅಣ್ಣನು ಉಳಿಸಿಕೊಳ್ಳಲಾರದೆ ಹೋದ ಬಾಲ್ಕಾರಸ್ಸನ್ನು 1789ರಲ್ಲಿ ಕೊಂಡುಕೊಂಡವನು ಇವನೇ. ಸ್ಕಾಟ್ಲೆಂಡಿನ ಹಳೆಯ ಮನೆ ಉಳಿದುದು ಸಿಲ್ಹೆಟ್ಟಿನ ಸುಣ್ಣದಿಂದ.

ಜಾನ್ ಲಿಂಡ್ಸೆಯ ವೃತ್ತಾಂತವು ಕನ್ನಡಿಗರಿಗೆ ಹತ್ತಿರವಾದುದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ಹೈದರಾಲಿ ಟಿಪ್ಪುಗಳ ಸೈನ್ಯವು ಕರ್ನಲ್ ಬೇಯ್ಲಿಯ ದಂಡನ್ನು ಸಂಪೂರ್ಣವಾಗಿ ಮುರಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯನ್ನು ನಡುವಿಟ್ಟುಕೊಂಡು ಬರೆದಿರುವ ಚಿತ್ರವು ಆ ಯುದ್ಧದ್ದೇ. ನೋಡಲು ಹೋದವರು ನಡುವಿನ ಪಲ್ಲಕ್ಕಿಯನ್ನು ಕಾಣುತ್ತಾರೆ. ಸುತ್ತಲಿನ ಕೆಂಪು ಅಂಗಿಯವರನ್ನು ಒಬ್ಬೊಬ್ಬರಾಗಿ ಕಾಣುವವರಿಲ್ಲ. ಅಂದು ಸೆರೆಸಿಕ್ಕಿ ಗಾಯಗೊಂಡವರಾಗಿ ಶ್ರೀರಂಗಪಟ್ಟಣಕ್ಕೆ ಬಂದವರಲ್ಲಿ ಡೇವಿಡ್ ಬೇರ್ಡನೂ, ಆನಳ ತಮ್ಮ ಜಾನನೂ ಇದ್ದರು. ಕಾಲಿಗೆ ಬೇಡಿ, ಮೂರುವರೆ ವರ್ಷ ಸೆರೆವಾಸ. 1782ರಲ್ಲಿ ಬೇಯ್ಲಿಯು ಅಲ್ಲಿಯೇ ತೀರಿಕೊಂಡನು. ಗುಂಬಜಿನ ಬಳಿ ಅವನ ಸ್ಮಾರಕವಿದೆ. ಜಾನನು ಸೆರೆಯಲ್ಲಿದ್ದುಕೊಂಡೇ ದಿನಚರಿ ಬರೆದನು. 1784ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವಾಗಿ ಅವನಿಗೆ ಬಿಡುಗಡೆಯಾಯಿತು. ಅದೇ ಯುದ್ಧದಲ್ಲಿ ಇನ್ನೊಬ್ಬ ತಮ್ಮ ಜೇಮ್ಸನು 1783ರಲ್ಲಿ ಕಡಲೂರಿನಲ್ಲಿ ಮಡಿದನು. ಹಡಗಿನ ಸುದ್ದಿಗಾಗಿ ಕಾದು ಕುಳಿತಿರುವ ಮನೆಯ ದುಃಖವನ್ನು ಆನ್ ಮೊದಲು ಹಾಡಿದಳು, ಆಮೇಲೆ ಉಂಡಳು.

ಇಷ್ಟರಲ್ಲಿ ಆಕೆಯು ಲಂಡನ್ನಿನಲ್ಲಿ ಮಾರ್ಗರೆಟ್ಟಳೊಡನೆ ಮನೆಮಾಡಿಕೊಂಡಿದ್ದಳು. ಆಕೆಯ ಮಾತಿನ ಸೊಗಸಿಗೆ ಮಾರುಹೋಗದವರಿಲ್ಲ. ವಿಲಿಯಂ ವಿಂಡಮ್, ಹೆನ್ರಿ ಡಂಡಾಸ್‌ರಂತಹ ರಾಜಕಾರಣಿಗಳು ವರ್ಷಗಟ್ಟಲೆ ಸುತ್ತಿದರು. ಎಲ್ಲಿಯೂ ಮದುವೆ ಕೂಡಿಬರಲಿಲ್ಲ. ಕಡೆಗೆ 1793ರಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ತನಗಿಂತ ಹತ್ತು ವರ್ಷಕ್ಕೂ ಮಿಕ್ಕಿ ಕಿರಿಯನಾದ ಆಂಡ್ರೂ ಬಾರ್ನರ್ಡನ ಕೈಹಿಡಿದಳು. ಅವನು ಐರ್ಲೆಂಡಿನ ಬಿಷಪ್ಪನೊಬ್ಬನ ಮಗ, ಕೈಯಲ್ಲಿ ಕಾಸಿಲ್ಲ. ಜನರು ನಕ್ಕರು. ಆದರೆ ಮನೆತನದ ಲೆಕ್ಕಾಚಾರಕ್ಕೆ ಒಳಗಾಗದೆ ತನ್ನಿಚ್ಛೆಯಿಂದ ಆದ ಮದುವೆ ಅದು. ಜೆನ್ನಿಗೆ ದೊರೆಯದುದನ್ನು ಆಕೆಯು ತಡವಾಗಿಯಾದರೂ ಪಡೆದಳು.

ಡಂಡಾಸನನ್ನು ಪತ್ರಗಳಿಂದ ಕಾಡಿ ಗಂಡನಿಗೆ ಕೇಪ್ ಆಫ್ ಗುಡ್ ಹೋಪಿನಲ್ಲಿ ಕಾರ್ಯದರ್ಶಿಯ ಕೆಲಸವನ್ನು ಕೊಡಿಸಿದಳು. 1797ರಲ್ಲಿ ಅವರು ಹೊರಟುದು ಹೊಸ ಗವರ್ನರ್ ಲಾರ್ಡ್ ಮೆಕಾರ್ಟ್ನಿಯೊಡನೆ. ಮಂಗಳೂರಿನ ಒಪ್ಪಂದದ ಕಾಲದಲ್ಲಿ ಮದರಾಸಿನ ಗವರ್ನರನಾಗಿದ್ದವನು ಈತನೇ. ತಮ್ಮನ ಬಿಡುಗಡೆಯಾದುದು ಈತನ ಆಡಳಿತದಲ್ಲಿ. ಮೆಕಾರ್ಟ್ನಿಯ ಪತ್ನಿ ಜೊತೆಗೆ ಬಾರದಿದ್ದುದರಿಂದ ಕೇಪಿನ ಕೋಟೆಯಲ್ಲಿ ಅತಿಥಿಗಳನ್ನು ಉಪಚರಿಸುವ ಭಾರವು ಆನಳ ಮೇಲೆ ಬಿದ್ದಿತು. 1798ರಲ್ಲಿ ಬಂದವರ ಪೈಕಿ ಹಿಂದೂದೇಶದ ಗವರ್ನರ್ ಜನರಲ್ ಪದವಿಗೆ ಹೋಗುತ್ತಿದ್ದ ಮಾರ್ನಿಂಗ್ಟನ್ ಪ್ರಭು ಒಬ್ಬನು. ತಮ್ಮನ ಜೊತೆಸೆರೆಯಾಳು ಬೇರ್ಡನೂ ಆಗ ಕೇಪಿನ ಸೈನ್ಯದಲ್ಲಿದ್ದನು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಏರಿದ ದಂಡನ್ನು ನಡೆಸಿದವನು ಬೇರ್ಡ್; ದಂಡೆತ್ತಿಸಿದವನು ಮಾರ್ನಿಂಗ್ಟನ್. ಆಕೆ ಕೇಪಿನಲ್ಲಿದ್ದುಕೊಂಡು ಡಂಡಾಸನಿಗೆ ಬರೆದ ಕಾಗದಗಳಲ್ಲಿ ಡಚ್ಚರ ಮನೆಗಳು, ಗುಲಾಮರು, ತಾನೇ ಹತ್ತಿದ ಟೇಬಲ್ ಬೆಟ್ಟ ಮೊದಲಾದ ಎಲ್ಲವೂ ಬಂದಿವೆ. ಅವು 1901ರಲ್ಲಿ ಅಚ್ಚಾದುವು.

1802ರಲ್ಲಿ ಆಕೆಯು ಇಂಗ್ಲೆಂಡಿಗೆ ಮರಳಿದಳು. 1806ರಲ್ಲಿ ಬೇರ್ಡನೇ ಕೇಪನ್ನು ಮರಳಿ ಗೆದ್ದುದರಿಂದ ಆಂಡ್ರೂ ಪುನಃ ಒಬ್ಬನೇ ಅಲ್ಲಿಗೆ ಹೋಗಿ 1807ರಲ್ಲಿ ತೀರಿಕೊಂಡನು. ಆ ಬಳಿಕ ತಿಳಿದುಬಂದ ಸಂಗತಿ ಇದು: ಅವನಿಗೆ ಅಲ್ಲಿ ಗುಲಾಮ ಹೆಂಗಸೊಬ್ಬಳಲ್ಲಿ ಕ್ರಿಸ್ಟಿನಾ ಎಂಬ ಮಗಳಿದ್ದಳು. ಮಕ್ಕಳಿಲ್ಲದ ಆನ್ ಆ ಹುಡುಗಿಯನ್ನು ಲಂಡನ್ನಿಗೆ ಕರೆಸಿಕೊಂಡು ತನ್ನ ಮನೆಯಲ್ಲಿಯೇ ಬೆಳೆಸಿದಳು. ಆ ಕಾಲದ ಕುಲೀನ ಸಮಾಜವನ್ನು ಬಲ್ಲವರಿಗೆ ಇದು ಎಂತಹ ನಡತೆಯೆಂಬುದು ತಾನೇ ತಿಳಿದೀತು. ಹುಡುಗಿಯ ಹೆತ್ತ ತಾಯಿಯ ಪಾಡನ್ನು ಮಾತ್ರ ಯಾರೂ ಹಾಡಾಗಿ ಕಟ್ಟಲಿಲ್ಲ.

ಇನ್ನು ಹಾಡಿನ ಗುಟ್ಟು. ಬರೆಯುವ ಹೆಂಗಸೆಂದು ಗೊತ್ತಾದರೆ ಬರೆಯಲಾರದವರು ತನ್ನೆದುರು ಮಾತಾಡಲು ಸಂಕೋಚಪಡುವರೆಂದು ಆಕೆಗೆ ಅಂಜಿಕೆ. ಕುಲೀನ ಸ್ತ್ರೀಯ ಹೆಸರು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು ಗೌರವವಲ್ಲವೆಂಬ ಭಾವನೆಯೂ ಆಗ ಬಲವಾಗಿದ್ದಿತು. ಸಂಸ್ಕೃತದ ಸುಭಾಷಿತ ಸಂಗ್ರಹಗಳಲ್ಲಿ ಕರ್ತೃ ತಿಳಿಯದ ಶ್ಲೋಕಕ್ಕೆ ‘ಕಸ್ಯಾಪಿ’ ಎಂದು, ಎಂದರೆ ‘ಯಾವನೋ ಒಬ್ಬನದು’ ಎಂದು, ಗುರುತು ಹಾಕುವ ವಾಡಿಕೆಯುಂಟು. ‘ಕಸ್ಯಾ ಅಪಿ’ ಎಂದು ಸ್ತ್ರೀಲಿಂಗದಲ್ಲಿ ಬರೆಯಬೇಕಾಗಿದ್ದವು ಅವುಗಳಲ್ಲಿ ಎಷ್ಟಿದ್ದುವೋ! ಆಕೆಯ ಕಿಟಕಿಯ ಕೆಳಗೆ ಬೀದಿಯಲ್ಲಿ ಕುಣಿಯುವ ನಾಯಿಗಳಿಂದ ರಾಬಿನ್ ಗ್ರೇಯ ಆಟವನ್ನಾಡಿಸಿದರು. ಸಂಘದವರ ವಾದಗಳಿಗಿಂತ ಇದೇ ತನಗೆ ದೊಡ್ಡ ಸನ್ಮಾನವೆಂದು ಆಕೆ ನಕ್ಕುಬಿಟ್ಟಳು. ಈ ನಡುವೆ ಲೀವ್ಸ್ ಎಂಬ ಪಾದ್ರಿಯು ಹಾಡಿಗೆ ಬೇರೊಂದು ಧಾಟಿಯನ್ನು ಕಟ್ಟಿದನು. ಸೋಫಿಯ ಹಳೆಯ ಧಾಟಿ ಹಿಂದಾಗಿ ಅದೇ ಪ್ರಚಾರಕ್ಕೆ ಬಂದಿತು.

ಕಡೆಗೆ ಬೀಗ ತೆಗೆದವನು ಸರ್ ವಾಲ್ಟರ್ ಸ್ಕಾಟ್. 1821ರ ಕೊನೆಯಲ್ಲಿ ಪ್ರಕಟವಾದ ‘ಪೈರೇಟ್’ ಎಂಬ ಕಾದಂಬರಿಯಲ್ಲಿ ಅವನು ಮಾತಿಗೆ ಮಾತು ಬಂದು ಹಾಡನ್ನು ಲೇಡಿ ಆನ್ ಲಿಂಡ್ಸೆಯದೆಂದೇ ಹೆಸರಿಸಿದನು. 1823ರ ಜುಲೈನಲ್ಲಿ, ಎಪ್ಪತ್ತೆರಡು ವರ್ಷದ ಆ ವೃದ್ಧೆಯು ಅವನಿಗೆ ಪತ್ರ ಬರೆದು ಎಲ್ಲವನ್ನೂ ಒಪ್ಪಿಕೊಂಡಳು. ಜೊತೆಗೆ ಕಥೆಯ ಮುಂದಿನ ಭಾಗವನ್ನೂ ಕಳುಹಿಸಿದಳು. ಜೆನ್ನಿಯ ಪ್ರಕರಣ ಹೇಗೆ ಮುಗಿಯಿತೆಂದು ಆಕೆಯ ತಾಯಿ ಕೇಳುತ್ತಲೇ ಇದ್ದುದರಿಂದ ಅದು ಹುಟ್ಟಿದುದು. ಅದರಲ್ಲಿ ರಾಬಿನ್ ಗ್ರೇಯು ಸಾಯುವಾಗ, ಹುಡುಗಿಯನ್ನು ಪಡೆಯಬೇಕೆಂದು ಹಸುವನ್ನು ಕದ್ದವನು ತಾನೇ ಎಂದು ಒಪ್ಪಿಕೊಂಡು, ಅವಳನ್ನು ಜೇಮಿಗೆ ಒಪ್ಪಿಸುತ್ತಾನೆ. ಕಾವ್ಯದೃಷ್ಟಿಯಿಂದ ಇದು ಮೊದಲಿನದಕ್ಕೆ ಸಮವಲ್ಲ; ಕಳ್ಳನೊಬ್ಬನು ಸಿಕ್ಕಿದೊಡನೆ ಕರುಣರಸವು ತೆಳುವಾಗುತ್ತದೆ. ಆದರೆ ಮುದುಕ ಗಂಡನೊಡನೆ ಹತ್ತೊಂಬತ್ತು ವರ್ಷ ಸಂಸಾರಮಾಡಿ ಹನ್ನೊಂದು ಮಕ್ಕಳನ್ನು ಹೆತ್ತ ಆ ತಾಯಿಗೆ, ಜೆನ್ನಿಯ ಮುಂದಿನ ಗತಿಯನ್ನು ತಿಳಿಯಬೇಕೆಂಬ ಆತುರವೇಕಿದ್ದಿತೆಂಬುದು ಯೋಚಿಸತಕ್ಕ ವಿಷಯ.

ಸ್ಕಾಟನು ಹಾಡನ್ನೂ ಅದರ ಮುಂದಿನ ಭಾಗಗಳನ್ನೂ 1825ರಲ್ಲಿ ಬ್ಯಾನಟೈನ್ ಸಂಘದ ಸದಸ್ಯರಿಗಾಗಿ ಅಚ್ಚುಹಾಕಿಸಿದನು. ಅದೇ ವರ್ಷ ಮೇ 6ರಂದು ಲೇಡಿ ಆನ್ ಲಂಡನ್ನಿನ ಬರ್ಕ್ಲೆ ಚೌಕದ ತನ್ನ ಮನೆಯಲ್ಲಿ ಕಾಲವಾದಳು. 1840ರಲ್ಲಿ ಆಕೆಯ ತಮ್ಮನ ಮೊಮ್ಮಗನು ಮನೆತನದ ಚರಿತ್ರೆಯನ್ನು ಸಂಗ್ರಹಿಸಿ ಮುದ್ರಿಸಿದಾಗ, ರಾಬರ್ಟನ ಸಿಲ್ಹೆಟ್ಟಿನ ಕಥೆಗಳೂ ಜಾನನ ಶ್ರೀರಂಗಪಟ್ಟಣದ ದಿನಚರಿಯೂ ಅದರೊಡನೆ ಬೆಳಕು ಕಂಡುವು. ಆನ್ ತನ್ನ ಜೀವಿತದ ಸ್ಮೃತಿಗಳನ್ನು ಹಲವು ಸಂಪುಟಗಳಲ್ಲಿ ಬರೆದಿಟ್ಟಿದ್ದಳು. ಅವುಗಳ ಪ್ರತಿಮಾಡುವುದರಲ್ಲಿ ಕ್ರಿಸ್ಟಿನಾ ಕೈಗೂಡಿಸಿದ್ದಳು. ಅವನ್ನು ಮನೆಯವರು ಇಟ್ಟುಕೊಳ್ಳಬೇಕು, ಅಚ್ಚುಹಾಕಿಸಕೂಡದೆಂದು ಆಕೆಯು ಕಟ್ಟಳೆ ಮಾಡಿ ಹೋದಳು.