ದುರ್ಬೀನಿಗೂ ಒಂದು ಜಾತಕ

ಪೊಲೀಸ್ ಪೇದೆಗಳ ಹೆಗಲ ಮೇಲೆ ಬಹುಕಾಲ ಕಾಣುತ್ತಿದ್ದ ‘ತ್ರೀ ನಾಟ್ ತ್ರೀ’ ಬಂದೂಕು ನಮ್ಮವರಿಗೆ ಅಪರಿಚಿತವಲ್ಲ. ಅದು ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ರೈಫಲ್ ಮನೆತನಕ್ಕೆ ಸೇರಿದ್ದು. ಅದೇ ಮನೆತನದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಹುಟ್ಟಿದ ಮತ್ತೊಂದು ಬಂದೂಕಿನ ಹೆಸರು ‘ನಂಬರ್ 4 (ಟಿ)’. ‘ಟಿ’ ಎಂದರೆ ಟೆಲಿಸ್ಕೋಪ್. ಅಡಗಿ ಕುಳಿತು ಗುರಿಯಿಡುವ ಸ್ನೈಪರ್‌ಗಳಿಗಾಗಿ ಸಿದ್ಧವಾದ ಈ ಬಂದೂಕಿನ ಮೇಲೆ ‘ನಂಬರ್ 32’ ಎಂಬ ದುರ್ಬೀನು ಕೂರುತ್ತಿತ್ತು. ದೂರದ ವಸ್ತುವನ್ನು ಅದು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು.

ಯುದ್ಧ ಮುಗಿದು ಸೇನೆಗೆ ಬೇಡವಾದ ಮೇಲೆ ಇಂಥ ದುರ್ಬೀನುಗಳು ಹಳೆ ಸಾಮಾನಿನ ವ್ಯಾಪಾರಿಗಳ ಕೈಸೇರಿದವು. ಈಗ ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಾಹಕರು ಅವಕ್ಕಾಗಿ ಹುಡುಕಾಡುತ್ತಾರೆ. ಆದರೆ ಬಲ್ಲವರು ಮೊದಲು ಮಸೂರಕ್ಕೆ ಕಣ್ಣು ಹಚ್ಚುವುದಿಲ್ಲ; ಲೋಹದ ಮೇಲೆ ಒತ್ತಿದ ಅಂಕೆ, ಅಕ್ಷರಗಳನ್ನು ಓದುತ್ತಾರೆ.

ಮಾರಿದ್ದನ್ನೇ ಮತ್ತೆ ಹುಡುಕಿದರು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಆಲ್ಡಿಸ್, ಪೆರಿಸ್ಕೋಪಿಕ್ ಪ್ರಿಸಂ ಮುಂತಾದ ಕಂಪನಿಗಳ ದುರ್ಬೀನುಗಳನ್ನು ಬಳಸಿತ್ತು. ಯುದ್ಧ ಮುಗಿದದ್ದೇ ತಡ, ಅವುಗಳಲ್ಲಿ ಹೆಚ್ಚಿನವನ್ನು ಬಂದೂಕಿನಿಂದ ಕಳಚಿ ವಿಲೇವಾರಿ ಮಾಡಲಾಯಿತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಸ್ನೈಪರ್ ಬಂದೂಕುಗಳಿಗೆ ಬರ. ಉಳಿದಿದ್ದ ಹಳೆಯ ಆಲ್ಡಿಸ್ ದುರ್ಬೀನುಗಳನ್ನೇ ಹುಡುಕಿ, ಗ್ಲಾಸ್ಗೊದ ಅಲೆಕ್ಸ್ ಮಾರ್ಟಿನ್ ಕಂಪನಿಯಿಂದ 400ಕ್ಕೂ ಹೆಚ್ಚು ರೈಫಲ್‌ಗಳಿಗೆ ಜೋಡಿಸಬೇಕಾಯಿತು. ಬೇಡವೆಂದು ಮಾರಿದ ವಸ್ತುವಿನ ಬೆಲೆ ಸರ್ಕಾರಕ್ಕೆ ತಿಳಿದದ್ದು ಹೀಗೆ.

ನಂಬರ್ 32 ದುರ್ಬೀನು ಮೂಲತಃ ರೈಫಲ್‌ಗೆಂದು ಹುಟ್ಟಿದ್ದಲ್ಲ. ಬ್ರೆನ್ ಎಂಬ ಲಘು ಮಷಿನ್‌ಗನ್‌ಗಾಗಿ ರೂಪಿಸಿದ್ದ ಅದನ್ನು 1942ರ ಹೊತ್ತಿಗೆ ನಂಬರ್ 4 ರೈಫಲ್‌ಗೆ ಹೊಂದಿಸಲಾಯಿತು. ಕಾರ್ಖಾನೆಯಲ್ಲಿ ಪರೀಕ್ಷೆಗಾಗಿ ಗುಂಡು ಹಾರಿಸುವಾಗ ಚೆನ್ನಾಗಿ ಗುರಿ ಮುಟ್ಟಿದ ರೈಫಲ್‌ಗಳನ್ನು ಆರಿಸಿ, ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಿಸುತ್ತಿದ್ದರು. ಭಾರತದ ಸಂಸ್ಥಾನಿಕರಿಗೆ ಬೇಟೆಯ ಬಂದೂಕು ಮಾಡಿಕೊಡುತ್ತಿದ್ದ ಲಂಡನ್ನಿನ ಹೆಸರಾಂತ ಕಂಪನಿ ಅದು. ಅಲ್ಲಿ 20,000ಕ್ಕೂ ಹೆಚ್ಚು ರೈಫಲ್‌ಗಳು ದುರ್ಬೀನು ಧರಿಸಿದವು.

ಜೋಡಿ ಸಂಖ್ಯೆ

ಈ ಜೋಡಣೆಯ ಕ್ರಮ ತಿಳಿದರೆ ದುರ್ಬೀನಿನ ಬೆಲೆಯ ಗುಟ್ಟೂ ತಿಳಿಯುತ್ತದೆ. ದುರ್ಬೀನನ್ನು ಹಿಡಿದಿಡುವ ಲೋಹದ ಕಟ್ಟನ್ನು ರೈಫಲ್‌ಗೆ ಕೈಯಿಂದಲೇ ಹೊಂದಿಸಿ ಗುರಿ ಕೂಡಿಸುತ್ತಿದ್ದರು. ಒಂದು ರೈಫಲ್‌ಗೆ ಕೂಡಿಸಿದ ದುರ್ಬೀನನ್ನು ಇನ್ನೊಂದಕ್ಕೆ ಹಾಕಿದರೆ ಗುರಿ ತಪ್ಪುತ್ತಿತ್ತು. ಆದ್ದರಿಂದ ರೈಫಲ್‌ನ ಸಂಖ್ಯೆಯನ್ನು ದುರ್ಬೀನಿನ ಕಟ್ಟಿನ ಮೇಲೂ, ದುರ್ಬೀನಿನ ಸಂಖ್ಯೆಯನ್ನು ರೈಫಲ್‌ನ ಮರದ ಹಿಡಿಯ ಕುತ್ತಿಗೆಯ ಮೇಲೂ ಒತ್ತುತ್ತಿದ್ದರು. ಎರಡೂ ತಾಳೆಯಾದರೆ ಅವು ಒಂದೇ ಜೋಡಿ.

ಉಳಿದ ಗುರುತುಗಳೂ ಮಾತಾಡುತ್ತವೆ. ದುರ್ಬೀನಿನ ಕೊಳವೆಯ ಮೇಲೆ ತಯಾರಕರ ಹೆಸರು, ಮಾದರಿ, ಇಸವಿ ಇರುತ್ತವೆ. ಲೀಡ್ಸ್‌ನ ಕರ್ಷಾ, ಲಂಡನ್ನಿನ ವಾಟ್ಸನ್ ಮುಂತಾದ ಕಂಪನಿಗಳು ಇವನ್ನು ತಯಾರಿಸಿದವು. ‘ಆರ್‌ಇಎಲ್’ ಎಂದಿದ್ದರೆ ಅದು ಕೆನಡಾದ ರಿಸರ್ಚ್ ಎಂಟರ್‌ಪ್ರೈಸಸ್‌ನದು. ಬಾಣದ ತಲೆಯಂಥ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂದು ಸಾರುತ್ತದೆ. ರೈಫಲ್‌ನ ಹಿಡಿಯ ಅಡಿಯಲ್ಲಿ ಕಾಣುವ ‘ಎಸ್51’ ಹಾಲೆಂಡ್ ಅಂಡ್ ಹಾಲೆಂಡ್‌ನ ಯುದ್ಧಕಾಲದ ಸಂಕೇತ.

ಮಾದರಿಗಳು ಮೂರು. ಮೊದಲನೆಯದರಲ್ಲಿ ದೂರದ ತಿರುಗಣೆ 50 ಗಜಕ್ಕೊಂದು ಮೆಟ್ಟಿಲಿನಂತೆ ತಿರುಗುತ್ತಿತ್ತು. ಸೂಕ್ಷ್ಮ ಗುರಿಗೆ ಅದು ಒರಟಾಯಿತು. ನಂತರದ ಮಾದರಿಗಳಲ್ಲಿ ಮೆಟ್ಟಿಲು ಸಣ್ಣದಾಯಿತು. ತಿರುಗಣೆಯನ್ನು ಸರಿಹೊಂದಿಸಲು ಮೊದಲಿನ ಎರಡಕ್ಕೂ ವಿಶೇಷ ಉಪಕರಣ ಬೇಕಿತ್ತು. ಮೂರನೆಯದರಲ್ಲಿ ಆ ಪೇಚಾಟ ತಪ್ಪಿತು.

ಅಡ್ಡಗೆರೆ ಹೊಡೆದ ಹಳೆಯ ಸಂಖ್ಯೆ ಕಂಡರೆ ಗಾಬರಿಯಾಗಬೇಕಿಲ್ಲ. ಸೇನೆಯ ಕಮ್ಮಟದಲ್ಲಿ ಕೆಟ್ಟ ದುರ್ಬೀನನ್ನು ತೆಗೆದು ಬೇರೊಂದನ್ನು ಕೂಡಿಸಿದಾಗ ಹಳೆಯ ಸಂಖ್ಯೆಯನ್ನು ಹೀಗೆ ರದ್ದು ಮಾಡುತ್ತಿದ್ದರು. 1970ರಲ್ಲಿ ಇದೇ ರೈಫಲ್‌ಗಳು 7.62 ಮಿಲಿಮೀಟರ್ ಗುಂಡಿಗೆ ಮಾರ್ಪಟ್ಟು ‘ಎಲ್42’ ಎಂಬ ಹೆಸರಿನಲ್ಲಿ ಮರುಜನ್ಮ ಪಡೆದವು. ದುರ್ಬೀನುಗಳೂ ಹೊಸ ಗುರುತು ಪಡೆದು 1982ರ ಫಾಕ್‌ಲೆಂಡ್ಸ್ ಯುದ್ಧಕ್ಕೂ ಹೋದವು.

ಬೆಲೆ ಕಟ್ಟುವುದು ಹೇಗೆ?

ಸಂಖ್ಯೆ ತಾಳೆಯಾಗುವ ರೈಫಲ್, ಕಟ್ಟು, ದುರ್ಬೀನು, ಅದರ ತಗಡಿನ ಡಬ್ಬಿ ಎಲ್ಲವೂ ಒಟ್ಟಿಗಿದ್ದರೆ ಅದಕ್ಕೆ ಅಗ್ರಸ್ಥಾನ. ಕಟ್ಟಿನ ಸಮೇತ ಒಂಟಿ ದುರ್ಬೀನು ನಂತರದ್ದು, ಬರಿಯ ಕೊಳವೆ ಕೊನೆಯದು. ಮಸೂರಗಳನ್ನು ಅಂಟಿಸಿದ ಬಾಲ್ಸಂ ಬಿಟ್ಟುಕೊಂಡು ಮಬ್ಬಾಗಿದ್ದರೆ, ತಿರುಗಣೆ ಬಿಗಿದಿದ್ದರೆ ಬೆಲೆ ಇಳಿಯುತ್ತದೆ. ಬೆಲೆ ಏರಿದಂತೆ ನಕಲಿಯೂ ಬಂತು: ಹೊಸದಾಗಿ ಮಾಡಿದ ಕಟ್ಟು, ಹೊಸದಾಗಿ ಒತ್ತಿದ ಸಂಖ್ಯೆ. ಹಳೆಯ ಮೈ ಸವೆದಿದ್ದು ಅಂಕೆಯ ಅಂಚು ಮಾತ್ರ ಚೂಪಾಗಿದ್ದರೆ ಬಲ್ಲವರು ಅನುಮಾನಿಸುತ್ತಾರೆ.

ಆದರೆ ನಕಲಿಯಷ್ಟೇ ಹಾನಿ ಮಾಡಿದ್ದು ಒಳ್ಳೆಯ ಮನಸ್ಸಿನ ಅತಿ ಶುಚಿತ್ವ. ಉಪ್ಪುಕಾಗದದಿಂದ ಉಜ್ಜಿ, ಹೊಸ ಬಣ್ಣ ಬಳಿದು ಥಳಥಳಿಸುವಂತೆ ಮಾಡಿದ ದುರ್ಬೀನಿನಲ್ಲಿ ಇಸವಿಯೂ ಸಂಖ್ಯೆಯೂ ಅಳಿಸಿಹೋಗಿರುತ್ತವೆ. ಅದು ಯಾವ ರೈಫಲ್ಲಿನದು ಎಂದು ಹೇಳುವ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಸ್ವಾತಂತ್ರ್ಯಾನಂತರ ಭಾರತೀಯ ಸೇನೆಯೂ ನಂಬರ್ 4 (ಟಿ) ರೈಫಲ್ ಬಳಸಿದೆ. ನಮ್ಮಲ್ಲಿ ರೈಫಲ್ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಹಾಗಾಗಿ ಇಂಥ ಸಂಗ್ರಹದ ಹವ್ಯಾಸ ಇಲ್ಲಿ ಬೆಳೆದಿಲ್ಲ. ಆದರೂ ನಿವೃತ್ತ ಸೈನಿಕರ ಮನೆಗಳಲ್ಲಿ ದಿಕ್ಸೂಚಿ, ದುರ್ಬೀನು, ಪದಕಗಳಿಗೆ ಕೊರತೆಯಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ಅವು ಕೈಗೆ ಸಿಕ್ಕರೆ ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಹುಣಸೆಹಣ್ಣು ಹಚ್ಚಿ ತಿಕ್ಕುವ ಮೊದಲು ಮೇಲಿರುವ ಅಂಕೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ, ಅದನ್ನು ಬಳಸಿದವರ ಹೆಸರನ್ನೂ ಸೇರಿಸಿ.