ತುಂಗಭದ್ರಾ: ಕೊಪ್ಪಳ ಸೀಮೆಯ ಗಡಿನದಿಯ ಇತಿಹಾಸ

ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳ ಸಂಗಮದಿಂದ ಹುಟ್ಟಿ ಕೃಷ್ಣೆಯನ್ನು ಸೇರುವ ತುಂಗಭದ್ರೆಯು, ಕೊಪ್ಪಳ ಮತ್ತು ಗಂಗಾವತಿ ತಾಲ್ಲೂಕುಗಳ ದಕ್ಷಿಣದ ಎಲ್ಲೆಯಾಗಿ, ಕಣಶಿಲೆಯ ಬಂಡೆಗಳ ನಡುವೆ ಹರಿಯುತ್ತದೆ. ಈ ನದಿಯು ಅನಾದಿಯಿಂದಲೂ ರಾಜ್ಯಗಳ ಗಡಿಯಾಗಿದ್ದಿತೆಂಬ ಮಾತು ಗ್ರಂಥಗಳಲ್ಲಿ ಪದೇ ಪದೇ ಬರುತ್ತದೆಯಾದರೂ, ಸ್ಥಿರವಾದ ರಾಜಕೀಯ ಸೀಮೆಯಾಗಿ ಇದು ಇಲ್ಲಿ ನಿಂತದ್ದು 1800ರಿಂದ 1956ರವರೆಗೆ ಮಾತ್ರ.

ಪ್ರಾಚೀನ ಕಾಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ದೊರೆತ ಅಶೋಕನ ಲಘು ಶಿಲಾಶಾಸನಗಳಂತೆಯೇ ಎದುರು ದಡದ ನಿಟ್ಟೂರು, ಉಡೇಗೋಳಗಳಲ್ಲಿಯೂ ಅವನ ಶಾಸನಗಳು ದೊರೆತಿರುವುದರಿಂದ, ಮೌರ್ಯರ ಆಜ್ಞೆಯು ಎರಡೂ ತೀರಗಳಲ್ಲಿ ನಡೆಯುತ್ತಿದ್ದಿತೆಂಬುದು ಸ್ಪಷ್ಟ. ಮುಂದೆ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಎರಂಬರಗೆಯಿಂದ, ಎಂದರೆ ಇಂದಿನ ಯಲಬುರ್ಗಿಯಿಂದ, ಸಿಂದರು ಆಳಿದರು.

ವಿಜಯನಗರ ಮತ್ತು ದೋಆಬು. ಉತ್ತರ ದಡದ ಆನೆಗೊಂದಿಯೂ ದಕ್ಷಿಣ ದಡದ ಹಂಪೆಯೂ ಒಂದೇ ಪ್ರಭುತ್ವದ ಎರಡು ನೆಲೆಗಳಾಗಿದ್ದು, ಹರಿಗೋಲುಗಳು ಜನರನ್ನು ದಾಟಿಸುತ್ತಿದ್ದ ಆ ಕಾಲದಲ್ಲಿ ಕಲಹದ ವಸ್ತುವಾಗಿದ್ದುದು ನದಿಯಲ್ಲ, ಅದಕ್ಕೂ ಕೃಷ್ಣೆಗೂ ನಡುವಿನ ರಾಯಚೂರು ದೋಆಬು. ಈ ನೆಲಕ್ಕಾಗಿ ವಿಜಯನಗರದವರು ಮೊದಲು ಬಹಮನಿಗಳೊಡನೆಯೂ ತರುವಾಯ ಬಿಜಾಪುರದವರೊಡನೆಯೂ ಹೋರಾಡಿದುದು ಸುಪರಿಚಿತ. ಕೃಷ್ಣದೇವರಾಯನ ರಾಯಚೂರು ವಿಜಯದ ಕಾಲದ ಬಗೆಗೆ ಮಾತ್ರ ಭಿನ್ನಾಭಿಪ್ರಾಯವುಂಟು: ಪೋರ್ತುಗೀಸ್ ಲೇಖಕ ನೂನಿಜನ ಬರಹವು 1522ನ್ನು ಸೂಚಿಸಿದರೆ, ಇತಿಹಾಸಕಾರ ರಾಬರ್ಟ್ ಸೀವೆಲ್ಲನು ಇತರ ಆಧಾರಗಳನ್ನು ತೂಗಿ 1520ನ್ನು ಒಪ್ಪಿದನು, ಈಗ ರೂಢಿಯಲ್ಲಿರುವುದು ಎರಡನೆಯದು.

ಸೀಮೆಯ ಸ್ಥಾಪನೆ. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಲು, ದಕ್ಷಿಣ ದಡವು ಮದರಾಸಿನದೂ ಉತ್ತರ ದಡವು ಹೈದರಾಬಾದಿನದೂ ಆಯಿತು. ಕ್ಷಾಮಪೀಡಿತ ನೆಲಕ್ಕೆ ನೀರೊದಗಿಸಲು ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲಿ ಸೂಚಿಸಿದ ಅಣೆಕಟ್ಟಿಗೆ ಉಭಯ ಸರ್ಕಾರಗಳ ಸಮ್ಮತಿಯು ಅವಶ್ಯವಾದುದರಿಂದ, ಅದು ಎಂಟು ದಶಕಗಳಿಗೂ ಮೀರಿ ಕಾಗದದಲ್ಲಿಯೇ ಉಳಿಯಿತು. ಕೊನೆಗೆ 1944ರಲ್ಲಿ ಮದರಾಸು ಮತ್ತು ಹೈದರಾಬಾದುಗಳು ತುಂಗಭದ್ರೆಯ ನೀರನ್ನು ಸಮವಾಗಿ ಹಂಚಿಕೊಳ್ಳಲು ಒಪ್ಪಿದವು. 1945ರ ಫೆಬ್ರುವರಿ 28ರಂದು ಹೈದರಾಬಾದಿನ ಪರವಾಗಿ ಬೀರಾರಿನ ರಾಜಕುಮಾರನೂ ಮದರಾಸಿನ ಪರವಾಗಿ ಗವರ್ನರ್ ಆರ್ಥರ್ ಹೋಪನೂ ತಮ್ಮ ತಮ್ಮ ದಡಗಳಲ್ಲಿ ಶಂಕುಸ್ಥಾಪನೆ ಮಾಡಿದರು. ಒಂದೇ ಕಟ್ಟೆಯು ಕೆಲವು ಬರಹಗಳಲ್ಲಿ ಉತ್ತರ ದಡದ ಮುನಿರಾಬಾದಿನದಾಗಿಯೂ ಕೆಲವುಗಳಲ್ಲಿ ದಕ್ಷಿಣ ದಡದ ಹೊಸಪೇಟೆಯದಾಗಿಯೂ ಕಾಣುವುದಕ್ಕೆ ಈ ಇಬ್ಬಗೆಯ ಒಡೆತನವೇ ಕಾರಣ.

ಅಣೆಕಟ್ಟಿನ ತರುವಾಯ. 1953ರಲ್ಲಿ ನೀರು ಹರಿಯತೊಡಗಿದ ವರ್ಷವೇ ಬಳ್ಳಾರಿಯು ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದುದರಿಂದ ಜಲಾಶಯದ ಆಡಳಿತವು ತುಂಗಭದ್ರಾ ಮಂಡಳಿಯ ವಶವಾಯಿತು. 1956ರಲ್ಲಿ ಉಭಯ ತೀರಗಳೂ ಒಂದೇ ರಾಜ್ಯದೊಳಕ್ಕೆ ಬಂದು ಗಡಿಯು ಅಳಿದರೂ ಮಂಡಳಿಯು ಉಳಿಯಿತು. ಎಡದಂಡೆ ಕಾಲುವೆಯು ಗಂಗಾವತಿಯನ್ನು ಭತ್ತದ ಕಣಜವನ್ನಾಗಿಸಿತು. 1997ರಲ್ಲಿ ಕೊಪ್ಪಳವೂ 2021ರಲ್ಲಿ ವಿಜಯನಗರವೂ ಪ್ರತ್ಯೇಕ ಜಿಲ್ಲೆಗಳಾಗಲು, ನದಿಯು ಇಲ್ಲಿ ಇಂದು ಜಿಲ್ಲೆಗಳ ಎಲ್ಲೆಯಾಗಿ ಮಾತ್ರ ಉಳಿದಿದೆ.

ದಡಗಳ ಜೋಡಣೆಯೂ ವಿವಾದಕ್ಕೆ ಹೊರತಾಗಲಿಲ್ಲ: ಆನೆಗೊಂದಿ ಸೇತುವೆಯ ನಿರ್ಮಾಣದಿಂದಾಗಿ ಹಂಪೆಯು 1999ರಲ್ಲಿ ಯುನೆಸ್ಕೋದ ಅಪಾಯಗ್ರಸ್ತ ಪರಂಪರೆಯ ಪಟ್ಟಿಯನ್ನು ಸೇರಿ 2006ರಲ್ಲಿ ಹೊರಬಂದಿತು, ಸೇತುವೆಯು 2009ರಲ್ಲಿ ಕಾಮಗಾರಿ ನಡೆಯುತ್ತಿರುವಾಗಲೇ ಕುಸಿಯಿತು. ಇತ್ತ ಹೂಳಿನಿಂದ ಜಲಾಶಯದ ಸಂಗ್ರಹವು ಸುಮಾರು 133 ಟಿಎಂಸಿ ಅಡಿಯಿಂದ 105.788ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಬಾಗಿಲುಗಳ ಪೈಕಿ 19ನೆಯದು ಸರಪಣಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ್ದ ನೀರಿನ ದೊಡ್ಡ ಭಾಗವನ್ನು ಹೊರಬಿಡಬೇಕಾಯಿತು. ಹೂಳಿನ ನಷ್ಟವನ್ನು ತುಂಬಲು ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟಬೇಕೆಂಬ ಕರ್ನಾಟಕದ ಪ್ರಸ್ತಾವಕ್ಕೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಸಮ್ಮತಿಯು ಬೇಕು.