ಮಗ್ಗ ನಿಲ್ಲಿಸುವ ಹಕ್ಕು: ಕೈಜೆನ್ ಮತ್ತು ಮೊಳಕಾಲ್ಮೂರು ಸೀಮೆಯ ನೇಯ್ಗೆ

ಕೈಜೆನ್, ಅಂದರೆ ನಿರಂತರ ಸುಧಾರಣೆ, ಮೋಟಾರು ಕಾರ್ಖಾನೆಯ ವಿದ್ಯೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮಸಾಕಿ ಇಮಾಯಿ 1986ರಲ್ಲಿ ಬರೆದ ಪುಸ್ತಕದಿಂದ ಆ ಪದ ಜಗತ್ತಿನಾದ್ಯಂತ ಹಬ್ಬಿತು. ಆದರೆ ಅದರ ಬೇರು ಹುಡುಕುತ್ತ ಹೋದರೆ ಸಿಗುವುದು ಮಗ್ಗ. ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಹಾಸಿನ ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಅದರ ಪೇಟೆಂಟ್ ಹಕ್ಕು ಪಡೆಯಿತು. ಮುಂದೆ ಟೊಯೋಟಾದಲ್ಲಿ ಕಾರು ತಯಾರಿಕೆಯ ಕ್ರಮವನ್ನೇ ಬದಲಿಸಿದ ತೈಚಿ ಓನೊ 1932ರಲ್ಲಿ ಕೆಲಸಕ್ಕೆ ಸೇರಿದ್ದು ಟೊಯೋಡಾ ನೂಲು-ನೇಯ್ಗೆ ಕಂಪನಿಗೆ. ದೋಷ ಕಂಡ ಕೂಡಲೇ ಕೆಲಸ ನಿಲ್ಲಿಸು, ಕಾರಣ ಹುಡುಕು, ಮರುಕಳಿಸದಂತೆ ಕ್ರಮ ತಿದ್ದು ಎಂಬ ಸೂತ್ರ ಹೀಗೆ ನೇಯ್ಗೆಯಿಂದ ಕಾರಿಗೆ ಹೋಯಿತು. ಆದ್ದರಿಂದ ಕೈಜೆನ್ ಅನ್ನು ಮಗ್ಗಗಳ ಊರಿನಲ್ಲಿ ನಿಂತು ಪರೀಕ್ಷಿಸುವುದು ನ್ಯಾಯವೇ ಆಗಿದೆ. ಹಾಗೆ ನೋಡಿದಾಗ ನನಗೆ ತೋರುವುದಿಷ್ಟು: ನಿರಂತರ ಸುಧಾರಣೆಯ ಜೀವಾಳ ಇರುವುದು ನಿಲ್ಲಿಸುವ ಅಧಿಕಾರದಲ್ಲಿ, ಮತ್ತು ಆ ನಿಲುಗಡೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದರಲ್ಲಿ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಹಣ್ಣು, ಹೂವು, ಪ್ರಾಣಿಗಳ ಚಿತ್ತಾರ ಅದರ ಗುರುತು. ಇಲ್ಲಿ ಹಾಸಿನ ಎಳೆ ಕಡಿದಾಗ ನೇಕಾರ ಲಾಳಿ ನಿಲ್ಲಿಸುತ್ತಾನೆ. ಕಡಿದ ತುದಿ ಹುಡುಕಿ, ಹೊಸ ಎಳೆ ಸೇರಿಸಿ ಬೆರಳಲ್ಲೇ ಹುರಿಮಾಡಿ, ಹಣಿಗೆಯ ಅದೇ ಸಂದಿನಲ್ಲಿ ತೂರಿಸಿ, ಬಿಗಿ ಸರಿನೋಡಿ ಮತ್ತೆ ತುಳಿಮಣೆ ಒತ್ತುತ್ತಾನೆ. ಟೊಯೋಡಾ ಯಂತ್ರಕ್ಕೆ ಕಲಿಸಿದ್ದನ್ನು ಇವನ ಕಣ್ಣು ಕೈ ಎಂದೋ ಕಲಿತಿವೆ. ಆದರೆ ಕೂಲಿ ನೇಯ್ಗೆಯಲ್ಲಿ ನೂಲೂ ವಿನ್ಯಾಸವೂ ಬಂಡವಾಳ ಹೂಡುವವನವು, ನೇಕಾರನಿಗೆ ಸಿಗುವುದು ಸೀರೆಯ ಲೆಕ್ಕದ ಕೂಲಿ. ನೂಲು ಏರುಪೇರಾಗಿದ್ದು ಎಳೆ ಹತ್ತು ಸಲ ಕಡಿದರೂ ಆ ಹೊತ್ತಿನ ನಷ್ಟ ಅವನದೇ. ಕಾರಣ ಅವನಿಗೆ ಗೊತ್ತು. ಆದರೆ ಅದನ್ನು ಸರಿಪಡಿಸಬೇಕಾದ ಜಾಗ ನೂಲು ಬಿಚ್ಚುವ ಘಟಕ, ಅಲ್ಲಿಗೆ ಅವನ ಮಾತು ತಲುಪುವುದಿಲ್ಲ.

ಕಸುಬು ಪರಂಪರೆಗೆ ಜೋತುಬಿದ್ದದ್ದು, ಸುಧಾರಣೆ ಅದಕ್ಕೆ ಒಗ್ಗದು ಎಂಬ ಆಕ್ಷೇಪ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಚಿತ್ತಾರ ಮೂಡಿಸುವ ಜಕಾರ್ಡ್ ಸಾಧನ ಕನ್ನಡನಾಡಿನ ಕೈಮಗ್ಗದ ಮೇಲೇರಿ ಎಷ್ಟೋ ಕಾಲವಾಯಿತು. ರೇಷ್ಮೆಯಲ್ಲಂತೂ ಜಪಾನಿನ ನಂಟು ಹಳೆಯದು: ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ತಮ್ಮ ರೇಷ್ಮೆ ಫಾರಂಗೆ ಜಪಾನಿನಿಂದ ತಜ್ಞರನ್ನು ಕರೆಸಿದ್ದರು, 1991ರಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನಲ್ಲಿ ದ್ವಿತಳಿ ರೇಷ್ಮೆ ಬೆಳೆಸಿತು. ಅಂದರೆ ಹುಳುವಿನ ತಳಿ ಹಂತಹಂತವಾಗಿ ಸುಧಾರಿಸಿತು, ನೇಕಾರನ ಕೂಲಿಯ ಕ್ರಮ ಮಾತ್ರ ಆ ಪರಿಷ್ಕರಣೆಯ ಹೊರಗೇ ಉಳಿಯಿತು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಅಧಿಕಾರವೇ ಮುಖ್ಯವಾದರೆ, ಅದೇ ಜಿಲ್ಲೆಯ ಚಳ್ಳಕೆರೆಯ ಕಂಬಳಿ ನೇಕಾರ ಏಕೆ ಸೊರಗಿದ? ಉಣ್ಣೆಯನ್ನು ತಾನೇ ಕೊಂಡು, ಹುಣಸೆಬೀಜದ ಸರಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದು ಮಾರುವ ಕುರುಬ ಕುಟುಂಬಕ್ಕೆ ಯಜಮಾನನ ಕಾಟವಿಲ್ಲ. ನಿಜ. ಆದರೆ ಗಿರಣಿಯ ಅಗ್ಗದ ಕಂಬಳಿಯೊಡನೆ ಒಂದೇ ಸಂತೆಯಲ್ಲಿ ನಿಂತಾಗ ಹದವಾದ ಸರಿಗೂ ಸಮವಾದ ನೂಲಿಗೂ ಬೇರೆ ಬೆಲೆ ಹುಟ್ಟುವುದಿಲ್ಲ. ಹಾಗಾಗಿ ಅಧಿಕಾರ ಬೇಕೇಬೇಕು, ಅದೊಂದೇ ಸಾಲದು ಎಂದು ನನ್ನ ವಾದವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕೈಜೆನ್ ತವರಾದ ಟೊಯೋಟಾ ಕಂಪನಿಯೂ ಇದಕ್ಕೆ ಹೊರತಲ್ಲ. ಅದರ ಬಿಡದಿ ಕಾರ್ಖಾನೆಯಲ್ಲಿ 2006, 2014, 2020ರಲ್ಲಿ ಬೀಗಮುದ್ರೆಗೆ ತಲುಪಿದ ವಿವಾದಗಳು, ಕೂಲಿ ಮತ್ತು ಕೆಲಸದ ಹೊರೆಯ ಪ್ರಶ್ನೆಯನ್ನು ಕೈಜೆನ್‌ನ ಸಲಹಾಪೆಟ್ಟಿಗೆ ಬಗೆಹರಿಸಲಾರದು ಎಂಬುದನ್ನು ತೋರಿಸಿವೆ. ಮೊಳಕಾಲ್ಮೂರಿಗೆ ಕೈಜೆನ್ ತರಬೇತಿ ಶಿಬಿರ ಒಯ್ಯುವವರು ಮೊದಲು ಕೂಲಿಪಟ್ಟಿ ತೆರೆದು, ಎಳೆ ಕಡಿದು ಮಗ್ಗ ನಿಂತ ಹೊತ್ತಿಗೆ ಅಲ್ಲೊಂದು ಕಲಂ ಬರೆಸಲಿ. ಆ ಹಣ ಕೆಟ್ಟ ನೂಲು ಕೊಟ್ಟವರ ಲೆಕ್ಕದಿಂದಲೇ ಬರಲಿ.